ಅಳಿಯನ ಹುಲ್ಲುಗಾವಲಿಗೆ ನಾನು ಹಾಕಿದ ಕೊಸರು

ವಂಡ್ಸೆ, ಹೊರಡುವ ಮುಂಚೆ

ನ್ಯೂಜಿಲೆಂಡಿಗೆ ಹೋಗಿ ಬಂದವರು ಹಿಮದ ಬೆಟ್ಟದ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಹುಲ್ಲಿನ ಫೋಟೋ ಒಂದೇ. ಅದನ್ನೂ ಯಾರಿಗೂ ತೋರಿಸಿಲ್ಲ. ಕೇಳಿದವರಿಗೆಲ್ಲ "ಎಂತ ಚಳಿ ಮಾರಾಯ್ರೆ, ಹೊರಗ್ ಹೋಪುಕೇ ಆಯ್ಲ" ಎಂದು ಹೇಳಿ ತಪ್ಪಿಸಿಕೊಂಡೆ. ತಪ್ಪಿಸಿಕೊಂಡು ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ನಮ್ಮೂರು ವಂಡ್ಸೆಯಲ್ಲಿ ನನ್ನನ್ನು ಹುಲ್ಲಿನ ಪದ್ದಕ್ಕ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಗದ್ದೆಗೆ ಬೀಜ ಬಿತ್ತುವವಳೂ ನಾನೇ, ಗೊಬ್ಬರ ಎರಚುವವಳೂ ನಾನೇ. ಕೊಟ್ಟಿಗೆಯಲ್ಲಿ ನಾಲ್ಕು ದನ ಇವೆ. ಅವುಗಳಿಗಾಗಿ ಮನೆಯ ಕೆಳಗಿನ ಗದ್ದೆಯಲ್ಲಿ ಹುಲ್ಲು ನೆಟ್ಟಿದ್ದೇನೆ. ಆ ಹುಲ್ಲಿನ ಹಸಿರು ನೋಡಿ ಡೈರಿಗೆ ಹಾಲು ತರುವ ಹೆಂಗಸರು ಗುಟ್ಟು ಕೇಳುತ್ತಿದ್ದರು. "ಗುಟ್ಟ್ ಎಂತದೂ ಇಲ್ಲ, ಯೂರಿಯಾ ಹಾಕುವಾಗ ಕೈ ಬಿಗಿ ಮಾಡುಕಾಗ" ಎನ್ನುತ್ತಿದ್ದೆ. ಅಕ್ಕಿ ಅಳೆಯಲಿ, ಹಾಲು ಅಳೆಯಲಿ, ಅಳತೆ ಮುಗಿದ ಮೇಲೆ ಒಂದಿಷ್ಟು ಕೊಸರು ಹಾಕದಿದ್ದರೆ ನಮ್ಮ ಕಡೆ ಅದು ಕೊಟ್ಟ ಹಾಗಲ್ಲ. ಹುಲ್ಲಿಗೂ ನಾನು ಹಾಗೆಯೇ ಮಾಡುವುದು. ಹೆಜ್ಜೆಗೊಂದು ಹಿಡಿ, ಸಾಲು ಮುಗಿದ ಮೇಲೆ ಕೊಸರಿಗೆಂದು ಇನ್ನೊಂದು ಹಿಡಿ.

ಆ ಗದ್ದೆಯ ಅಂಚು ಇಳಿದರೆ ತೋಡು, ಸಣ್ಣ ಹಳ್ಳ. ತೋಡಿನ ಪಕ್ಕದಲ್ಲೇ ಗಿರಿಜೆಯ ಮನೆ, ಅವಳ ಬಾವಿ. ನನ್ನ ಮಗಳು ಸುಮಳ ಬಾಣಂತನಕ್ಕೆಂದು ನಾನು ವಿಮಾನ ಹತ್ತಲು ಸಿದ್ಧಳಾಗುವಾಗ ಗಿರಿಜೆಯ ಮಗಳೂ ತುಂಬು ಬಸುರಿ, ಹೆರಿಗೆಗೆಂದು ತವರಿಗೆ ಬಂದು ಕೂತಿದ್ದಳು. "ನೀವ್ ಬಪ್ಪಷ್ಟೊತ್ತಿಗ್ ನಮ್ಮನಿಯಂಗೂ ಒಂದ್ ಶಿಶು ಇರ್ತತ್, ಪದ್ದಕ್ಕ" ಎಂದು ಗಿರಿಜೆ ನನ್ನ ಚೀಲಕ್ಕೆ ಒಣಶುಂಠಿಯ ಪುಡಿ ತುರುಕಿದಳು. ನನ್ನ ದನಗಳನ್ನು ನೋಡಿಕೊಳ್ಳಲು ಒಪ್ಪಿದವಳೂ ಅವಳೇ.

ಇನ್ನು ಅಳಿಯ. ಉದಯ ಶಿರೂರಿನ ಮೀನುಗಾರರ ಮನೆಯವನು. ಮದುವೆಯ ಮಾತು ಬಂದಾಗ "ದೋಣಿಯವನಿಗ್ ದನದ ಕೊಂಬ್ ಯಾವ್ದ್, ಬಾಲ ಯಾವ್ದ್ ಗೊತ್ತಿತ್ತಾ?" ಎಂದು ಕೇಳಿದ ಮಹಾತಾಯಿ ನಾನು. ಅವನೀಗ ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿ ಇಯಾನ್ ಎಂಬ ಮುದುಕನ ದನಗಳನ್ನು ನೋಡಿಕೊಳ್ಳುತ್ತಾನೆ. ಇಯಾನನಿಗೆ ವಯಸ್ಸಾಯಿತು. ಈ ಹಂಗಾಮು ಕಳೆದ ಮೇಲೆ ಅವನು ಉದಯನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ಮಾತಿತ್ತು. ಸಂಬಳದ ಆಳು ಹಾಲಿನ ಪಾಲಿನ ಒಡೆಯನಾಗುವ ಅವಕಾಶ ಅದು. ಅದಕ್ಕಾಗಿ ಅವನೂ ಸುಮಳೂ ವರ್ಷಗಳಿಂದ ಕಾದಿದ್ದರು. ಆಗುವ ಮೊದಲೇ ನಾನು ವಂಡ್ಸೆ ಪೇಟೆಯಲ್ಲೆಲ್ಲ "ಅಳಿಯ ಪಾಲುದಾರ ಆದ" ಎಂದು ಸಾರಿಬಿಟ್ಟಿದ್ದೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ

ಆ ದೇಶದೊಳಗೆ ಕಾಲಿಡುವ ಮುಂಚೆ ಒಬ್ಬಳು ಅಧಿಕಾರಿಣಿ ನಿಲ್ಲಿಸಿದಳು. ದನ ಕರುಗಳ ಹತ್ತಿರ ಹೋಗಿದ್ದೀರಾ ಎಂದು ಕೇಳಿದಳು. ಹತ್ತನೇ ಕ್ಲಾಸಿನ ಇಂಗ್ಲಿಷನ್ನು ಒಟ್ಟುಗೂಡಿಸಿ, ಹೆಮ್ಮೆಯಿಂದ ನಾಲ್ಕು ಬೆರಳು ತೋರಿಸಿ, "ಫೋರ್ ಕೌ, ಮಾರ್ನಿಂಗ್ ಈವ್ನಿಂಗ್" ಎಂದೆ. ಅವಳ ಮುಖದಲ್ಲಿ ಮೆಚ್ಚುಗೆ ಕಾಣಲಿಲ್ಲ. ಕೈಗವಸು ಹಾಕಿಕೊಂಡು ನನ್ನ ಚಪ್ಪಲಿ ಬಿಚ್ಚಿಸಿದಳು. ಅಡಿಯ ಗೆರೆಗಳಲ್ಲಿ ನಮ್ಮ ಕೊಟ್ಟಿಗೆಯ ಸೆಗಣಿ ಒಣಗಿ ಕೂತಿತ್ತು.

ಚಪ್ಪಲಿಯನ್ನು ಒಳಗೆ ಕೊಂಡುಹೋಗಿ, ತೊಳೆದು, ಮದ್ದು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದುಕೊಟ್ಟರು. ಅಷ್ಟೂ ಹೊತ್ತು ನಾನು ಬರಿಗಾಲಲ್ಲಿ ಸಾಲಿನ ಪಕ್ಕ ನಿಂತಿದ್ದೆ. ಹಿಂದಿದ್ದವರೆಲ್ಲ ನನ್ನ ಕಾಲು ನೋಡಿಕೊಂಡೇ ಮುಂದೆ ಹೋದರು. ನಮ್ಮ ನೆಲದ ಗುಣವೋ ದೋಷವೋ ನಾವು ಕಾಲಡಿಯಲ್ಲಿ ಕಟ್ಟಿಕೊಂಡು ಬರುತ್ತೇವೆ ಎಂದು ಅವರಿಗೆ ಅನುಮಾನ. ಆಗ ನನಗೆ ಸಿಟ್ಟು ಬಂದಿತ್ತು.

ಅಳಿಯನ ಮನೆ

ಅಲ್ಲಿಯ ಜನ ವಿಚಿತ್ರ. ಮನೆಬಾಗಿಲಲ್ಲಿ ರಬ್ಬರ್ ಬೂಟು ಬಿಟ್ಟು ಕಾಲುಚೀಲದಲ್ಲೇ ಅಂಗಡಿಗೂ ಹೋಗಿ ಬರುತ್ತಾರೆ. ಮಾತು ಕಡಿಮೆ. ಇಯಾನನಂತೂ ಗೇಟಿನ ಮೇಲೆ ಎರಡೂ ಮೊಣಕೈ ಊರಿ ದನ ನೋಡುತ್ತಾ ನಿಂತರೆ ದನವೇ ಬೇಸರಪಟ್ಟು ಆಚೆ ಹೋಗಬೇಕು. "ಪರವಾಗಿಲ್ಲ" ಎಂದು ಅವನು ಹೇಳಿದರೆ ಬಹಳ ಚೆನ್ನಾಗಿದೆ ಎಂದು ಅರ್ಥವಂತೆ. ನಾನು ಮಾಡಿದ ನೀರುದೋಸೆ ತಿಂದೂ "ಪರವಾಗಿಲ್ಲ" ಎಂದ. ಸುಮ ಅರ್ಥ ಹೇಳುವವರೆಗೆ ನಾನು ಮುಖ ಊದಿಸಿಕೊಂಡಿದ್ದೆ.

ಮೊಮ್ಮಗಳನ್ನು ನೋಡಲು ಒಬ್ಬಳು ನರ್ಸು ಮನೆಗೇ ಬರುತ್ತಿದ್ದಳು. ಮಗುವಿನ ತೂಕ ನೋಡಿದಳು, ಆಮೇಲೆ ನೀರಿನ ವಿಷಯಕ್ಕೆ ಬಂದಳು. ಮುಂದೆ ಪುಡಿ ಹಾಲು ಕಲಸಿ ಕೊಡುವುದಾದರೆ ನೀರು ಯಾವುದು, ಬೋರಿನದೋ, ಪರೀಕ್ಷೆ ಮಾಡಿಸಿದ್ದೀರೋ ಎಂದು ಕೇಳಿದಳು. ಕುದಿಸಿದರೆ ಆಯಿತಲ್ಲ ಎಂದೆ ನಾನು. ಸುಮ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನರ್ಸು ತಲೆ ಅಲ್ಲಾಡಿಸಿದಳು. ಹೊಲಕ್ಕೆ ಹಾಕಿದ ಗೊಬ್ಬರ ನೀರಿಗೆ ಸೇರಿದ್ದರೆ ಅದು ಕುದಿಸಿದರೆ ಹೋಗುವುದಿಲ್ಲ, ಎಳೆ ಮಗುವಿನ ರಕ್ತಕ್ಕೆ ಸೇರಿದರೆ ತುಟಿ, ಉಗುರು ನೀಲಿಗಟ್ಟುತ್ತವೆ ಎಂದಳು. ಅವಳು ಹೋದ ಮೇಲೆ ನಾನು ನಕ್ಕೆ. "ಇವ್ರಿಗ್ ಹೆದ್ರುಕ್ ಒಂದ್ ನೆವ ಬೇಕ್" ಎಂದೆ.

ಉದಯನ ಗೊಬ್ಬರದ ಕ್ರಮ ನೋಡಿಯೂ ನನಗೆ ನಗುವೇ. ಅಲ್ಲಿ ವಸಂತ ಆಗಷ್ಟೇ ಶುರು. ಅವನು ಒಂದು ಉದ್ದದ ಥರ್ಮಾಮೀಟರನ್ನು ನೆಲಕ್ಕೆ ಚುಚ್ಚಿ, ಜ್ವರ ಬಂದ ಮಗುವಿನ ಪಕ್ಕ ಕೂತ ಹಾಗೆ ಕೂರುತ್ತಿದ್ದ. ಮಣ್ಣು ಬೆಚ್ಚಗಾಗದೆ ಹುಲ್ಲು ಗೊಬ್ಬರ ಎಳೆಯುವುದಿಲ್ಲವಂತೆ. ದನ ಮೇದು ಹೋದ ಮೇಲೆ, ಹುಲ್ಲು ಮತ್ತೆ ಚಿಗುರಲು ತೊಡಗಿದಾಗ, ಯಂತ್ರದಲ್ಲಿ ತೆಳ್ಳಗೆ ಎರಚುತ್ತಾನೆ. ನೆಲ ನೀರು ಕುಡಿದು ತೊಯ್ದಿದ್ದರೆ ಹಾಕುವುದಿಲ್ಲ, ಜೋರು ಮಳೆ ಬರುವುದಿದ್ದರೂ ಹಾಕುವುದಿಲ್ಲ.

"ಎಂತ ಉದಯ, ಹುಲ್ಲಿಗ್ ಕುಂಕುಮ ಇಟ್ಟಂಗ್ ಹಾಕ್ತೆ?" ಎಂದು ಛೇಡಿಸಿದೆ.

"ಹುಲ್ಲ್ ಉಂಬಷ್ಟೇ ಬಡ್ಸುದ್, ಅತ್ತೆ" ಎಂದ ಅವನು. "ಮತ್ತೆ ಹಸಿವಾರೆ ಮತ್ತೆ ಬಡ್ಸುದ್. ಹೆಚ್ಚ್ ಹಾಕ್ರೆ ಅದ್ ಉಂಬ ಎಲಿ ಮೇಲ್ ಕೂಕಂತಿಲ್ಲ, ನೀರಿಗ್ ಹೋತ್ತ್."

ಬಲೆ ಬೀಸುವ ಮನೆಯವನು ನನಗೆ ಹುಲ್ಲಿನ ಪಾಠ ಹೇಳುತ್ತಾನಲ್ಲ ಎಂದುಕೊಂಡೆ. ಜಿಪುಣತನಕ್ಕೆ ಒಳ್ಳೆಯ ಹೆಸರು ಕೊಟ್ಟಿದ್ದಾನೆ ಎಂದೂ ಅಂದುಕೊಂಡೆ. ಮನಸ್ಸಿನಲ್ಲಿ ಅಂದುಕೊಂಡದ್ದೇ ಆದರೂ ಇವತ್ತು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ತೋಡಿನ ಬದಿ

ಮನೆಯ ಹಿಂದಿನ ಗದ್ದೆಯ ಅಂಚಿನಲ್ಲಿ ಒಂದು ತೋಡು ಹರಿಯುತ್ತದೆ, ನಮ್ಮ ವಂಡ್ಸೆಯದಕ್ಕಿಂತ ಸ್ವಲ್ಪ ಅಗಲ. ಗದ್ದೆ ಎಂದರೆ ನಮ್ಮ ಹತ್ತು ಗದ್ದೆ ಸೇರಿದಷ್ಟು ದೊಡ್ಡದು, ಬರೀ ಹುಲ್ಲು. ತೋಡಿನ ಉದ್ದಕ್ಕೂ ಬೇಲಿ, ಬೇಲಿಯಾಚೆ ಇಯಾನ್ ನೆಟ್ಟ ಗಿಡಗಳು. ಅವನು ಹುಡುಗನಾಗಿದ್ದಾಗ ಈಜುತ್ತಿದ್ದ ತೋಡು ಅದು. ನಡುವೆ ಪಾಚಿ ಕಟ್ಟಿ ಹಸಿರು ಲೋಳೆಯಾಗಿ ಹೋಗಿತ್ತಂತೆ. ಅವನು ವರ್ಷಗಟ್ಟಲೆ ದುಡಿದು ಅದನ್ನು ತಿಳಿ ಮಾಡಿದ್ದ, ಹಾವುಮೀನುಗಳು ಮರಳಿ ಬಂದಿದ್ದವು. ಯಾರಾದರೂ ಬಂದರೆ ಆ ಮನುಷ್ಯ ಮೊದಲು ತೋರಿಸುವುದು ದನವನ್ನಲ್ಲ, ತೋಡನ್ನು.

ಉದಯ ಯೂರಿಯಾ ಹಾಕಿ ವಾರ ಕಳೆದಿತ್ತು. ಗದ್ದೆ ಹಸಿರೇರಿತ್ತು. ಬೇಲಿಯ ಈಚೆ ಮಾತ್ರ ಒಂದು ಪಟ್ಟಿ ಹಳದಿ, ಬಡಕಲು. ಮೊಮ್ಮಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋದಾಗಲೆಲ್ಲ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ನಮ್ಮಲ್ಲಿ ಗದ್ದೆಯ ಬದಿಯನ್ನು ಹೀಗೆ ಬಿಟ್ಟವನನ್ನು ಮೈಗಳ್ಳ ಎನ್ನುತ್ತಾರೆ. ಪಾಲಿನ ಮಾತಾಡಲು ಇಯಾನ್ ಕೆಲವೇ ದಿನಗಳಲ್ಲಿ ಬರುವವನಿದ್ದ. ತನ್ನ ಮುದ್ದಿನ ತೋಡಿನ ಹತ್ತಿರವೇ ಬಂದು ನಿಲ್ಲುತ್ತಾನೆ, ಬಡಕಲು ಹುಲ್ಲು ನೋಡುತ್ತಾನೆ, ಅಳಿಯನ ಮರ್ಯಾದೆ ಹೋಗುತ್ತದೆ! ನನಗೆ ತಳಮಳ.

ಒಂದು ಮಧ್ಯಾಹ್ನ ಸುಮ ಮತ್ತು ಮಗು ಮಲಗಿದ್ದರು, ಉದಯ ಹಾಲು ಕರೆಯುವ ಶೆಡ್ಡಿನಲ್ಲಿದ್ದ. ನಾನು ಗೋದಾಮಿನಿಂದ ಬಕೆಟಿನಲ್ಲಿ ಯೂರಿಯಾ ತುಂಬಿಕೊಂಡು ನಡೆದೆ. ಬೇಲಿಯ ತಂತಿಗೆ ಮೊಣಕೈ ತಾಗಿ ಕರೆಂಟು ಹೊಡೆಯಿತು. ಅದಕ್ಕೂ ಬಗ್ಗದೆ ಸೀರೆ ಎತ್ತಿ ಸಿಕ್ಕಿಸಿ, ಪಟ್ಟಿಯ ಒಂದು ತುದಿಯಿಂದ ಎರಚತೊಡಗಿದೆ. ಹೆಜ್ಜೆಗೊಂದು ಹಿಡಿ. ಕೈಗೆ ಹಳೆಯ ಲಯ ಬಂತು. ತಿಂಗಳುಗಟ್ಟಲೆ ತೊಟ್ಟಿಲು ತೂಗಿ ಜಡವಾಗಿದ್ದ ಮೈ ಅರಳಿತು. ಕೊನೆಗೆ ಬಕೆಟಿನಲ್ಲಿ ಉಳಿದದ್ದನ್ನೂ ಕೊಸರಿಗೆಂದು ಬೇಲಿಯ ಬುಡದಲ್ಲೇ ಚೆಲ್ಲಿದೆ. ಸಂಜೆ ಮೋಡ ಕವಿಯಿತು, ಕತ್ತಲಾದ ಮೇಲೆ ಜೋರಾಗಿ ಹೊಯ್ಯಿತು. ಹೊದಿಕೆಯೊಳಗೆ ಮಳೆಯ ಸದ್ದು ಕೇಳುತ್ತಾ, ನನ್ನ ಕೈಗುಣಕ್ಕೆ ದೇವರೂ ಒಪ್ಪಿದ ಎಂದುಕೊಂಡು ನಿದ್ದೆ ಹೋದೆ.

ಬೆಳಗಿನ ಕಾಫಿ

ಗುಟ್ಟಾಗಿ ಇಡುವ ಸ್ವಭಾವ ನನ್ನದಲ್ಲ. ಮೊದಲ ಹಾಲು ಕರೆದು ಬಂದ ಅಳಿಯನಿಗೆ ಕಾಫಿ ಕೊಡುತ್ತಲೇ ಹೇಳಿದೆ. "ಉದಯ, ನೀ ತೋಡಿನ್ ಬದಿ ಬಿಟ್ಟಿದ್ದೆ ಅಲ್ದಾ? ನಿನ್ನೆ ನಾನೇ ಹಾಕ್ದೆ. ಕಾಣ್, ಮಳಿಯೂ ಬಂತ್. ಇನ್ ಹ್ಯಾಂಗ್ ಏಳ್ತ್ ಕಾಣ್ ಹುಲ್ಲ್!"

ಅವನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಸುಮ ಒಳಗಿನಿಂದ ಓಡಿ ಬಂದಳು.

"ಅಮ್ಮ! ಯಾರ್ ಹೇಳ್ರ್ ನಿಮ್ಗ್ ಹಾಕುಕೆ? ಅದ್ ಮರ್ತ್ ಬಿಟ್ಟದ್ದಲ್ಲ, ಬಿಡ್ಕ್ ಅಂದೇ ಬಿಟ್ಟದ್ದ್! ನೀರಿನ್ ಬದಿ ಒಂದ್ ಕಾಳೂ ಬೀಳುಕಾಗ. ಇಯಾನನ್ ಜೀವ ಇಪ್ಪುದೇ ಆ ತೋಡಂಗೆ."

"ಸುಮಾ, ಸುಮ್ನಿರ್" ಎಂದ ಉದಯ. ನನ್ನ ಕಡೆ ನೋಡಿ, "ಇರ್ಲಿ ಅತ್ತೆ, ನಿಮ್ಗ್ ಗೊತ್ತಿರ್ಲ" ಎಂದ. ಕಾಫಿ ಅಲ್ಲೇ ಬಿಟ್ಟು ಮಳೆಯಲ್ಲೇ ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ತೋಡಿನ ಬದಿಯಲ್ಲಿ ಬಗ್ಗಿ ಹುಲ್ಲು ಸರಿಸಿ ನೋಡುತ್ತಿದ್ದ. ಗದ್ದೆಯ ನೀರು ಬೇಲಿಯ ಬುಡ ದಾಟಿ ತೋಡಿಗೆ ಇಳಿಯುತ್ತಿತ್ತು. ಹೆಕ್ಕಲು ಒಂದು ಕಾಳೂ ಉಳಿದಿರಲಿಲ್ಲ. ಆಮೇಲೆ ಜೇಬಿನಿಂದ ಫೋನು ತೆಗೆದು ಯಾರೊಡನೆಯೋ ಮಾತಾಡಿದ.

ಅವನು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಆ ದಿನ ನಾನು ಮಾಡಿದ ಸಾರಿಗೆ ಉಪ್ಪು ಬಿದ್ದಿರಲಿಲ್ಲ, ಅದನ್ನೂ ಯಾರೂ ಹೇಳಲಿಲ್ಲ.

ಇಯಾನ್ ಬಂದ ದಿನ

ಹುಲ್ಲಿಗೆ ಗುಟ್ಟು ಇಡಲು ಬರುವುದಿಲ್ಲ. ಮಳೆ ಕೊಚ್ಚಿದ ಮೇಲೂ ಉಳಿದಷ್ಟು ಯೂರಿಯಾ ತನ್ನ ಕೆಲಸ ಮಾಡಿತು. ಇಯಾನ್ ಬರುವ ಹೊತ್ತಿಗೆ ಆ ಹಳದಿ ಪಟ್ಟಿಯ ತುಂಬ ಕಡು ಹಸಿರಿನ ಅರ್ಧಚಂದ್ರಗಳು ಎದ್ದಿದ್ದವು. ನನ್ನ ಹೆಜ್ಜೆಗೊಂದರಂತೆ, ಒಂದೇ ಅಳತೆಯಲ್ಲಿ, ಒಂದರ ಪಕ್ಕ ಒಂದು. ಕೊಸರು ಚೆಲ್ಲಿದ ಕಡೆ ಹುಲ್ಲು ಸುಟ್ಟು ಕಂದಿತ್ತು. ನಾನು ನಡೆದ ದಾರಿ, ನನ್ನ ಕೈ ಬೀಸಿದ ರೀತಿ, ಎಲ್ಲವೂ ನೆಲದ ಮೇಲೆ ಎದ್ದು ಕಾಣುತ್ತಿತ್ತು.

ಇಯಾನ್ ಗೇಟಿಗೆ ಮೊಣಕೈ ಊರಿ ಬಹಳ ಹೊತ್ತು ನೋಡಿದ. ಉದಯ ಪಕ್ಕದಲ್ಲಿ, ನಾನು ಮಗುವನ್ನೆತ್ತಿಕೊಂಡ ಸುಮಳ ಹಿಂದೆ. ಅವನು ಆಡಿದ್ದನ್ನು ಸುಮ ಆಮೇಲೆ ಬಿಡಿಸಿ ಹೇಳಿದಳು, ಆದರೆ ಅರ್ಧ ನನಗೆ ಆಗಲೇ ತಿಳಿದಿತ್ತು.

"ಯಂತ್ರ ಕೈತಪ್ಪಿತು ಎಂದು ನೀನು ಫೋನಿನಲ್ಲಿ ಹೇಳಿದೆ" ಎಂದ ಇಯಾನ್. "ಯಂತ್ರ ಹೀಗೆ ಎರಚುವುದಿಲ್ಲ."

"ಕೈಯಲ್ಲಿ ಹಾಕಿದೆ. ನಾನೇ" ಎಂದ ಉದಯ.

ಇಯಾನ್ ಮತ್ತೆ ಹುಲ್ಲಿನ ಕಡೆ ತಿರುಗಿದ. "ನನ್ನಪ್ಪ ಓಟ್ಸ್ ಬಿತ್ತುತ್ತಿದ್ದದ್ದು ಹೀಗೆಯೇ. ಇಂಥ ಕೈ ಪಳಗಲು ಅರ್ಧ ಆಯುಷ್ಯ ಬೇಕು. ನೀನು ಬಲೆ ಬೀಸುವವರ ಮಗ ಎಂದು ನೀನೇ ಹೇಳಿದ್ದೀಯಲ್ಲ." ಅವನು ನನ್ನ ಕಡೆ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ. "ಒಳ್ಳೆಯ ಕೈ" ಎಂದ. "ಪರವಾಗಿಲ್ಲ" ಎನ್ನುವ ಮನುಷ್ಯ ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಆ ಅರ್ಧಚಂದ್ರಗಳ ನಡುವೆಯೇ ಇಳಿದುಬಿಡುತ್ತಿದ್ದೆ.

ಮುಂದೆ ಬಂದು ಎದೆ ಮುಟ್ಟಿಕೊಂಡು, "ಮೈ ಮಿಸ್ಟೇಕ್. ಉದಯ ನೋ. ಉದಯ ಗುಡ್" ಎಂದೆ. ಕಣ್ಣಲ್ಲಿ ನೀರು. ಇಯಾನ್ ನನಗೆ ತಲೆಬಾಗಿಸಿ, ಉದಯನಿಗೆ ಹೇಳಿದ: "ಬಿದ್ದದ್ದು ಬಿತ್ತು. ತೋಡು ಒಂದೆರಡು ಹಂಗಾಮಿಗೆ ಚೇತರಿಸಿಕೊಳ್ಳುತ್ತದೆ. ನಿಮ್ಮತ್ತೆಗೆ ಗೊತ್ತಿರಲಿಲ್ಲ, ಅದನ್ನು ನೀನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಈ ತೋಡಿನ ವಿಷಯದಲ್ಲಿ ನನಗೆ ಎರಡು ಸಲ ಸುಳ್ಳು ಹೇಳಿದವನಿಗೆ ಪಾಲು ಕೊಡಲಾರೆ. ಈ ಸಲ ಬೇಡ. ಮುಂದೆ ನೋಡೋಣ."

ಗೇಟು ಹಾಕಿಕೊಂಡು ಹೋದ. ನಾವು ಮನೆಗೆ ಮರಳುವಾಗ ತಡೆಯಲಾರದೆ ಉದಯನನ್ನು ಕೇಳಿದೆ. "ಎಂತಕ್ ಸುಳ್ಳ್ ಹೇಳ್ದೆ ಮಾರಾಯ? ಪದ್ದಕ್ಕ ಹಾಕ್ದ್ಳ್ ಅಂದಿದ್ರೆ ಎಂತ ಹೋತಿತ್?"

"ಅತ್ತಿ ಹೆಸ್ರ್ ಹೇಳಿ ನಾ ತಪ್ಸ್ಕಂಬುದಾ?" ಎಂದ ಅವನು. ನಗಲು ನೋಡಿದ. "ಶಿರೂರಂಗೆ ನನ್ ಹೆತ್ತ ಅಬ್ಬಿಗ್ ಗೊತ್ತಾರೆ ಮನಿ ಒಳಗ್ ಸೇರ್ಸುದಿಲ್ಲ."

ಹೆಣ್ಣು ಕೊಟ್ಟ ಅತ್ತೆ ಮನೆಗೆ ಬಂದಾಗ ಅವಳ ತಪ್ಪನ್ನು ಹೊರಗಿನವರ ಮುಂದೆ ಹೇಳಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯಲ್ಲಿ ಅವನ ವರ್ಷಗಳ ಕಾಯುವಿಕೆ ಹೋಯಿತು. ದೋಣಿಯವನಿಗೆ ಏನು ಗೊತ್ತು ಎಂದು ಕೇಳಿದ್ದೆನಲ್ಲ, ಅವನಿಗೆ ಹುಲ್ಲೂ ಗೊತ್ತಿತ್ತು, ಮಾನವೂ ಗೊತ್ತಿತ್ತು. ಅವತ್ತು ಸಂಜೆ ಒಬ್ಬಳೇ ಹೋಗಿ ಆ ಹುಲ್ಲಿನ ಫೋಟೋ ತೆಗೆದುಕೊಂಡೆ. ಇನ್ನೊಮ್ಮೆ ಕೈ ಉದ್ದ ಮಾಡುವ ಮುಂಚೆ ನೋಡಿಕೊಳ್ಳಲು.

ಮತ್ತೆ ವಂಡ್ಸೆ

ಊರಿಗೆ ಮರಳಿದ ಮೇಲೆ ಕೆಲವು ದಿನ ಚಳಿಯ ಕತೆ ಹೇಳಿ ಕಾಲ ಹಾಕಿದೆ. ಕೊನೆಗೊಂದು ಬೆಳಿಗ್ಗೆ ಡೈರಿಯ ಜಗಲಿಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಯಾರೋ ಕೂಗಿದರು. "ಹ್ವಾಯ್ ಪದ್ದಕ್ಕ, ಅಳಿಯ ಪಾಲುದಾರ ಆದ್ನಾ? ಲಾಡು ಎಲ್ಲಿತ್ತ್?"

"ಆಯ್ಲ" ಎಂದೆ. "ನಾ ಹೋಯಿ ಹಾಳ್ ಮಾಡ್ದೆ."

ಎಲ್ಲರೂ ತಿರುಗಿದರು. ಪೂರ್ತಿ ಹೇಳಿದೆ. ಚಪ್ಪಲಿ ತೊಳೆದದ್ದರಿಂದ ಹಿಡಿದು ಕೊಸರಿನವರೆಗೆ. ಕರೆಂಟು ಹೊಡೆದದ್ದಕ್ಕೆ ನಕ್ಕರು, ಅರ್ಧಚಂದ್ರಕ್ಕೂ ನಕ್ಕರು. ನರ್ಸು ಹೇಳಿದ್ದನ್ನೂ ಹೇಳಿ, ಕುದಿಸಿದರೂ ಹೋಗುವುದಿಲ್ಲವಂತೆ ಕಾಣಿ ಎಂದೆ. ಆಗ ಸಾಲಿನ ಕೊನೆಯಲ್ಲಿದ್ದ ಗಿರಿಜೆ ಕೇಳಿದಳು. ಅವಳ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ, ತಿಳಿಯಬೇಕೆಂದೇ ಕೇಳಿದ್ದು.

"ಅಲ್ಲ ಪದ್ದಕ್ಕ, ನಮ್ ಬಾಮಿ ನಿಮ್ ಹುಲ್ಲಿನ್ ಗದ್ದಿ ಕೆಳ್ಗೇ ಇಪ್ಪುದಲ್ದಾ? ಮಗಳಿಗ್ ಹಾಲ್ ಸಾಕಾತಿಲ್ಲ. ಶಿಶುವಿಗ್ ಪುಡಿ ಹಾಲ್ ಕಲ್ಸಿ ಕೊಡುದ್. ನಾವ್ ಕುದ್ಸಿಯೇ ಕೊಡುದ್."

ಡೈರಿಯಲ್ಲಿ ಯಾರೂ ನಗಲಿಲ್ಲ. ದೂರದ ದೇಶದ ತೋಡಿನ ಹಾವುಮೀನಿಗಾಗಿ ಅತ್ತು ಬಂದವಳು ನಾನು. ಮನೆಯ ಕೆಳಗಿನ ಬಾವಿ ನನಗೆ ಅದುವರೆಗೆ ನೆನಪಾಗಿರಲಿಲ್ಲ. ನಾನು ಊರಲ್ಲಿ ಇಲ್ಲದ ಅಷ್ಟೂ ಕಾಲ ನನ್ನ ದನಗಳಿಗೆ ಆ ಹುಲ್ಲನ್ನು ಕೊಯ್ದು ಹಾಕಿದವಳು ಅವಳು.

ನೀರನ್ನು ಪರೀಕ್ಷೆಗೆ ಕಳಿಸಿದ್ದೇವೆ, ಉತ್ತರ ಬರಬೇಕಷ್ಟೆ. ನನ್ನ ಬಾವಿ ಗದ್ದೆಯ ಮೇಲ್ಬದಿಯಲ್ಲಿದೆ. ಅವತ್ತೇ ಅದರಿಂದ ಒಂದು ಕೊಡ ಸೇದಿ, ಸೊಂಟದಲ್ಲಿಟ್ಟುಕೊಂಡು, ಹುಲ್ಲಿನ ಬದು ಇಳಿದು, ತೋಡು ದಾಟಿ ಅವಳ ಜಗಲಿಗೆ ಹೋದೆ. ಗಿರಿಜೆ ಬೈಯಲಿಲ್ಲ. ಕೊಡ ಇಳಿಸಿಕೊಂಡು, "ಕೂಕಣಿ ಪದ್ದಕ್ಕ, ಶಿಶು ಎದ್ದಿತ್ತ್, ಎತ್ಕಣಿ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು.

ಮಗುವಿನ ಮುಖ ನೋಡುವ ಮುಂಚೆ ನಾನು ಅದರ ಮುಷ್ಟಿ ಬಿಡಿಸಿದೆ. ಉಗುರುಗಳು ಕೆಂಪಗೇ ಇದ್ದವು. ಬಾಗಿಲ ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದೆ.